ಹಾಲು ಬಿಟ್ಟ ಮರಿಯ ಹೊಟ್ಟೆಯೂ ನಮ್ಮೂರ ಕೆರೆಯ ನೀರೂ

(ಮಾಲೇಕಲ್ಲು ತಿರುಪತಿ ಬೆಟ್ಟದ ತಪ್ಪಲಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ಪರಿಸರದ ಸಭೆಯೆಂದರೆ ಕಾಡು, ಕೆರೆ, ಕಲ್ಲುಗಣಿ, ಮಳೆಯ ಕೊರತೆ ಇವುಗಳ ಮಾತು ಬರುವುದು ವಾಡಿಕೆ. ಇಂದು ನಾನು ಎತ್ತಿಕೊಂಡಿರುವ ವಿಷಯ ತಾಯಿಯ ಹಾಲು ಬಿಟ್ಟ ಹಂದಿಮರಿಯ ಆಹಾರ ಮತ್ತು ಅದರ ಕರುಳಿನ ಆರೋಗ್ಯ. ದೇವರ ಬೆಟ್ಟದ ಕೆಳಗೆ ಕುಳಿತು ಹಂದಿಯ ಮಾತೇ ಎಂದು ಕೆಲವರಿಗೆ ಮುಜುಗರವಾಗಬಹುದು. ಈ ಬೆಟ್ಟದ ಮೇಲಿರುವ ವೆಂಕಟರಮಣನ ದಶಾವತಾರಗಳಲ್ಲಿ ವರಾಹವೂ ಒಂದು. ತಿರುಮಲೆಯಲ್ಲಿ ಮೊದಲ ದರ್ಶನ ವರಾಹಸ್ವಾಮಿಗೇ ಸಲ್ಲಬೇಕೆಂಬ ಸಂಪ್ರದಾಯವಿದೆ. ಹೊಯ್ಸಳರ ಶಿಲ್ಪಿಗಳು ಭೂಮಿಯನ್ನೆತ್ತಿದ ವರಾಹನನ್ನು ಭಕ್ತಿಯಿಂದಲೇ ಕಡೆದರು. ಕಲ್ಲಿನ ಹಂದಿಗೆ ಕೈಮುಗಿದು, ಜೀವಂತ ಹಂದಿಯನ್ನೂ ಅದನ್ನು ಸಾಕುವವರನ್ನೂ ಊರಾಚೆ ಇಟ್ಟ ಸಮಾಜ ನಮ್ಮದು. ಹಂದಿಜೋಗಿ, ಕೊರಮ, ಕೊರಚ ಮುಂತಾದ ಸಮುದಾಯಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸಾಕಣೆಯ ಅರಿವನ್ನು ನಾವು ಅರಿವೆಂದೇ ಲೆಕ್ಕಿಸಲಿಲ್ಲ. ಈ ಮಾತನ್ನು ಮೊದಲಿಗೇ ಹೇಳಿ ವಿಷಯಕ್ಕೆ ಬರುತ್ತೇನೆ.

ಈ ವಿಷಯವೇಕೆ?

ಅರಸೀಕೆರೆ ಸೀಮೆ ಮಳೆ ಕಡಿಮೆಯಾದ ನಾಡು. ತೆಂಗು, ರಾಗಿ, ಹುರುಳಿ ನಮ್ಮ ಆಧಾರ. ತೆಂಗು ಕೈಕೊಟ್ಟ ವರ್ಷಗಳಲ್ಲಿ ಓದಿದ ಯುವಕರೂ ಕುರಿ, ಕೋಳಿ, ಹಂದಿ ಸಾಕಣೆಯತ್ತ ನೋಡುವುದು ಸಹಜ. ಹಂದಿ ವರ್ಷಕ್ಕೆ ಎರಡು ಸೂಲು ಈಯುತ್ತದೆ, ಬೇಗ ಬೆಳೆಯುತ್ತದೆ, ಕೊಡಗಿನಿಂದ ಬೆಂಗಳೂರಿನವರೆಗೆ ಅದರ ಮಾಂಸಕ್ಕೆ ಗಿರಾಕಿಯಿದ್ದಾರೆ. ಆದರೆ ಸಣ್ಣ ಸಾಕಣೆದಾರನ ಲಾಭನಷ್ಟ ತೀರ್ಮಾನವಾಗುವ ಕಾಲ ಒಂದೇ. ಅದು ಮರಿಯನ್ನು ತಾಯಿಯಿಂದ ಬೇರ್ಪಡಿಸಿದ ನಂತರದ ಹತ್ತು ಹದಿನೈದು ದಿನ. ಆಗ ಮರಿಗಳಿಗೆ ಭೇದಿ ಹಿಡಿಯುತ್ತದೆ. ಕೆಲವು ಸಾಯುತ್ತವೆ, ಉಳಿದವು ಕುಗ್ಗುತ್ತವೆ. ಸಾಲ ಮಾಡಿ ದೊಡ್ಡಿ ಕಟ್ಟಿದವನು ಆ ಗಾಬರಿಯಲ್ಲಿ ಔಷಧದ ಅಂಗಡಿಗೆ ಓಡಿ, ಯಾವುದೋ ಪುಡಿಯನ್ನು ತಂದು ಎಲ್ಲ ಮರಿಗಳ ಮೇವಿಗೂ ಬೆರೆಸುತ್ತಾನೆ.

ಆ ಪುಡಿ ಮರಿಯ ಹೊಟ್ಟೆಯಲ್ಲಿ ಮುಗಿದುಹೋಗುವುದಿಲ್ಲ. ಅದರ ಒಂದು ಪಾಲು ಸಗಣಿಯಾಗಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ, ಮಳೆ ಬಂದಾಗ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಬರುತ್ತದೆ. ಔಷಧವನ್ನು ಜಯಿಸಿದ ರೋಗಾಣುಗಳೂ ಅದೇ ದಾರಿಯಲ್ಲಿ ಬರುತ್ತವೆ. ಆದಕಾರಣ ಮರಿಗೆ ಏನನ್ನು ಉಣಿಸಬೇಕೆಂಬುದು ದೊಡ್ಡಿಯ ಪ್ರಶ್ನೆಯಾಗಿರುವಂತೆಯೇ ಊರಿನ ಪ್ರಶ್ನೆಯೂ ಆಗಿದೆ.

ತಾಯಿಯ ಬಳಿ ಇರುವಾಗ

ಹುಟ್ಟಿದ ಹಂದಿಮರಿ ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ಗರ್ಭದಲ್ಲಿರುವಾಗ ತಾಯಿಯಿಂದ ಅದಕ್ಕೆ ರೋಗನಿರೋಧಕ ಅಂಶಗಳು ದೊರೆಯುವುದಿಲ್ಲ. ಹಂದಿಯ ಮಾಸಿನ (ಜರಾಯುವಿನ) ರಚನೆಯೇ ಹಾಗಿದೆ. ಆ ರಕ್ಷಣೆಯೆಲ್ಲ ಗಿಣ್ಣುಹಾಲಿನ ಮೂಲಕವೇ ಬರಬೇಕು. ಹುಟ್ಟಿದ 24ರಿಂದ 36 ಗಂಟೆಗಳೊಳಗೆ ಕರುಳು ಆ ಅಂಶಗಳನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಮೊದಲ ದಿನ ಗಿಣ್ಣುಹಾಲು ಕುಡಿಯದ ಮರಿಗೆ ಮುಂದೆ ಎಷ್ಟು ಒಳ್ಳೆಯ ಮೇವು ಹಾಕಿದರೂ ಆ ಕೊರತೆ ತುಂಬುವುದಿಲ್ಲ. ಈದ ದಿನ ಬಡಕಲು ಮರಿಗಳನ್ನು ಮೊಲೆಗೆ ಹಿಡಿದು ಕುಡಿಸುವುದೇ ಕರುಳಿನ ಆರೋಗ್ಯದ ಮೊದಲ ಪಾಠ.

ಎರಡನೆಯದು ಕಬ್ಬಿಣಾಂಶ. ಬೆಳೆಯುವ ಮರಿಗೆ ದಿನಕ್ಕೆ ಸುಮಾರು 7ರಿಂದ 10 ಮಿಲಿಗ್ರಾಂ ಕಬ್ಬಿಣ ಬೇಕು. ತಾಯಿಯ ಹಾಲಿನಿಂದ ಸಿಗುವುದು ಸುಮಾರು 1 ಮಿಲಿಗ್ರಾಂ ಮಾತ್ರ. ಮಣ್ಣಿನಲ್ಲಿ ಮೂತಿ ಆಡಿಸುವ ಮರಿ ಉಳಿದುದನ್ನು ಮಣ್ಣಿನಿಂದಲೇ ಪಡೆಯುತ್ತದೆ. ಸಿಮೆಂಟು ನೆಲದ ಮೇಲೆ ಹುಟ್ಟಿದ ಮರಿಗೆ ಆ ಅವಕಾಶವಿಲ್ಲ. ಅದು ಬಿಳಿಚಿಕೊಂಡು ಬೇಗ ರೋಗಕ್ಕೆ ತುತ್ತಾಗುತ್ತದೆ. ಮೊದಲ ವಾರದಲ್ಲೇ ಪಶುವೈದ್ಯರಿಂದ ಕಬ್ಬಿಣದ ಚುಚ್ಚುಮದ್ದು ಹಾಕಿಸುವುದು ಇದಕ್ಕಾಗಿಯೇ. ದನಕುರಿ, ಹಂದಿ ತುಳಿಯದ ಜಾಗದಿಂದ ಅಗೆದು ತಂದ ಶುದ್ಧ ಕೆಮ್ಮಣ್ಣನ್ನು ದೊಡ್ಡಿಯ ಮೂಲೆಯಲ್ಲಿ ಹಾಕುವ ಹಳೆಯ ರೂಢಿಗೂ ಅರ್ಥವಿದೆ.

ತಾಯಿ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಲ, ಹೆಚ್ಚುಕಡಿಮೆ ಗಂಟೆಗೊಮ್ಮೆ, ಬೆಚ್ಚಗಿನ ಹಾಲನ್ನು ಸ್ವಲ್ಪ ಸ್ವಲ್ಪವೇ ಉಣಿಸುತ್ತಾಳೆ. ಹಾಲಿನ ಸಕ್ಕರೆಯನ್ನು ಮರಿಯ ಜಠರದಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಹುಳಿಯಾಗಿಸುತ್ತವೆ. ನಮ್ಮ ಮನೆಯಲ್ಲಿ ಹಾಲು ಮೊಸರಾಗುವುದೂ ಇದೇ ಬಗೆಯ ಕ್ರಿಯೆಯಿಂದ. ಎಳೆಯ ಮರಿಯ ಜಠರ ಇನ್ನೂ ತಾನಾಗಿ ಸಾಕಷ್ಟು ಆಮ್ಲವನ್ನು ಸುರಿಸಲಾರದು. ಈ ಹುಳಿಯೇ ಅದರ ಕಾವಲುಗಾರ. ಹುಳಿಯಿರುವಷ್ಟು ಕಾಲ ಕೆಟ್ಟ ರೋಗಾಣುಗಳು ಜಠರವನ್ನು ದಾಟಿ ಕರುಳಿಗೆ ಇಳಿಯುವುದು ಕಷ್ಟ.

ಕಾಡಿನಲ್ಲಿ ಅಥವಾ ಬಯಲಿನಲ್ಲಿ ತನ್ನ ಪಾಡಿಗೆ ಬಿಟ್ಟರೆ ಹಂದಿ ತನ್ನ ಮರಿಗಳಿಗೆ ಮೂರರಿಂದ ನಾಲ್ಕು ತಿಂಗಳಲ್ಲಿ ಹಂತಹಂತವಾಗಿ ಹಾಲು ಬಿಡಿಸುತ್ತದೆ. ಆ ಅವಧಿಯಲ್ಲಿ ಮರಿ ಬೇರು, ಗೆಡ್ಡೆ, ಹುಳು, ಕಾಳು ಎಲ್ಲವನ್ನೂ ರುಚಿನೋಡುತ್ತಾ ಕಲಿಯುತ್ತದೆ. ಅದರೊಡನೆ ಕರುಳೂ ಕಲಿಯುತ್ತದೆ: ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಮೆಲ್ಲನೆ ಕಡಿಮೆಯಾಗಿ, ಪಿಷ್ಟವನ್ನೂ ಬೇರೆ ಸಕ್ಕರೆಗಳನ್ನೂ ಒಡೆಯುವ ಕಿಣ್ವಗಳು ಹೆಚ್ಚುತ್ತವೆ.

ಬೇರ್ಪಡಿಸಿದ ವಾರ

ದೊಡ್ಡ ಕೈಗಾರಿಕಾ ಸಾಕಣೆಯಲ್ಲಿ ಮರಿಯನ್ನು ಮೂರು ನಾಲ್ಕು ವಾರಕ್ಕೇ ತಾಯಿಯಿಂದ ಬಿಡಿಸುತ್ತಾರೆ. ಮೂರು ತಿಂಗಳ ಕಲಿಕೆ ಒಂದೇ ದಿನದಲ್ಲಿ ಆಗಬೇಕು. ಅದೇ ದಿನ ತಾಯಿ ಇಲ್ಲ, ಹಾಲಿಲ್ಲ, ಜಾಗ ಬೇರೆ, ಜೊತೆಯ ಮರಿಗಳೂ ಬೇರೆ. ಬಹಳಷ್ಟು ಮರಿಗಳು ಮೊದಲ ಒಂದೆರಡು ದಿನ ಏನನ್ನೂ ತಿನ್ನುವುದಿಲ್ಲ.

ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ನವಿರಿನಂತೆ ಅಸಂಖ್ಯಾತ ಕುಚ್ಚುಗಳಿರುತ್ತವೆ. ಆಹಾರದ ಸಾರವನ್ನು ಹೀರುವುದು ಇವೇ. ಈ ಕುಚ್ಚುಗಳು ಬಹುಮಟ್ಟಿಗೆ ಕರುಳಿನೊಳಗೆ ಹಾದುಹೋಗುವ ಆಹಾರದಿಂದಲೇ ಪೋಷಣೆ ಪಡೆಯುತ್ತವೆ. ಉಪವಾಸ ಬಿದ್ದ ಮರಿಯಲ್ಲಿ ಮೊದಲ 24 ಗಂಟೆಗಳಲ್ಲೇ ಅವು ಕುಗ್ಗಲಾರಂಭಿಸಿ, ನಾಲ್ಕೈದು ದಿನಗಳಲ್ಲಿ ಅರ್ಧದಷ್ಟಕ್ಕೂ ಇಳಿಯಬಹುದು. ಎರಡು ದಿನದ ಉಪವಾಸ ತಾಳಲಾರದೆ ಮರಿ ಮೂರನೆಯ ದಿನ ಒಮ್ಮೆಗೇ ಹೊಟ್ಟೆ ಬಿರಿಯುವಷ್ಟು ತಿನ್ನುತ್ತದೆ. ಹೀರುವ ಕುಚ್ಚು ಗಿಡ್ಡವಾಗಿದೆ, ಜಠರದಲ್ಲಿ ಹುಳಿಯಿಲ್ಲ, ಕಿಣ್ವ ಸಾಲದು. ಜೀರ್ಣವಾಗದ ಸಸಾರಜನಕ, ಅಂದರೆ ಪ್ರೋಟೀನು, ಕೆಳಗಿನ ಕರುಳಿಗೆ ಇಳಿದು ಅಲ್ಲಿ ಕೊಳೆಯುತ್ತದೆ. ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆಲವು ಕೆಟ್ಟ ತಳಿಗಳಿಗೆ ಇದು ಹಬ್ಬದೂಟ. ಅವು ಕರುಳಿನ ಗೋಡೆಗೆ ಅಂಟಿಕೊಂಡು ವಿಷವನ್ನು ಬಿಡುತ್ತವೆ. ಆ ವಿಷದಿಂದ ದೇಹದ ನೀರೂ ಲವಣಗಳೂ ಕರುಳಿಗೆ ಸುರಿಯುತ್ತವೆ. ಸಾಮಾನ್ಯವಾಗಿ ಬೇರ್ಪಡಿಸಿದ ಮೂರನೆಯ ದಿನದಿಂದ ಹತ್ತನೆಯ ದಿನದೊಳಗೆ ಕಾಣುವ ನೀರು ಭೇದಿ ಇದೇ. ಮರಿ ಸಾಯುವುದು ಬಹುಪಾಲು ನೀರು ಬತ್ತಿಹೋಗುವುದರಿಂದ.

ಈ ರೋಗಾಣು ಹೊರಗಿನಿಂದ ಹೊಸದಾಗಿ ಬಂದದ್ದೇ ಆಗಿರಬೇಕೆಂದಿಲ್ಲ. ಅದು ದೊಡ್ಡಿಯಲ್ಲಿಯೂ ಕರುಳಿನಲ್ಲಿಯೂ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಒಳ್ಳೆಯ ಜೀವಿಗಳು ತುಂಬಿರುವ ಕರುಳಿನಲ್ಲಿ ಅದಕ್ಕೆ ನೆಲೆಯೂರಲು ಜಾಗವಿಲ್ಲ. ಮೂಲದ ಗಿಡಮರ ಕಳೆದುಕೊಂಡ ಗುಡ್ಡದ ಮೇಲೆ ಲಂಟಾನ ಹಬ್ಬುವುದನ್ನು ನೀವೆಲ್ಲ ಕಂಡಿದ್ದೀರಿ. ಲಂಟಾನವನ್ನು ಕಡಿಯುತ್ತಲೇ ಇರುವುದು ಒಂದು ದಾರಿ, ನೆಲ ಬೋಳಾಗದಂತೆ ನೋಡಿಕೊಳ್ಳುವುದು ಇನ್ನೊಂದು ದಾರಿ. ಕರುಳಿನ ವಿಷಯದಲ್ಲೂ ಈ ಎರಡು ದಾರಿಗಳಿವೆ.

ಜಗತ್ತು ಹಿಡಿದ ಅಡ್ಡದಾರಿ

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಂದಿ ಸಾಕುವ ಶ್ರೀಮಂತ ದೇಶಗಳು ಮೊದಲ ದಾರಿಯನ್ನು ಹಿಡಿದವು. ಮೇವಿನಲ್ಲಿ ನಿತ್ಯವೂ ಅಲ್ಪ ಪ್ರಮಾಣದ ಆಂಟಿಬಯೋಟಿಕ್ ಬೆರೆಸಿದರೆ ಭೇದಿ ಕಡಿಮೆ, ಬೆಳವಣಿಗೆ ಹೆಚ್ಚು ಎಂದು ಕಂಡುಕೊಂಡವು. ನಿತ್ಯವೂ ಅರೆಬರೆ ಪ್ರಮಾಣದ ಔಷಧ ಬಿದ್ದಾಗ ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ಔಷಧವನ್ನು ತಡೆದುಕೊಳ್ಳುವ ಗುಣವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಸ್ವೀಡನ್ 1986ರಲ್ಲಿ ಈ ಬಳಕೆಯನ್ನು ನಿಷೇಧಿಸಿತು. ಅಲ್ಲಿ ಮೊದಲ ವರ್ಷಗಳಲ್ಲಿ ಮರಿಗಳ ಭೇದಿ ಹೆಚ್ಚಿತು. ಮೇವು, ದೊಡ್ಡಿ, ಬೇರ್ಪಡಿಸುವ ವಯಸ್ಸು ಇವನ್ನೆಲ್ಲ ತಿದ್ದಿಕೊಂಡ ಮೇಲೆ ಪರಿಸ್ಥಿತಿ ಹತೋಟಿಗೆ ಬಂತು. ಯುರೋಪಿನ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಬೆರೆಸುವುದನ್ನು ಪೂರ್ತಿಯಾಗಿ ನಿಲ್ಲಿಸಿತು.

ಆಂಟಿಬಯೋಟಿಕ್ ಬಿಟ್ಟ ಹಲವರು ಸತುವಿನ ಆಕ್ಸೈಡನ್ನು ಹಿಡಿದರು. ಮರಿಗೆ ಒಂದು ಕಿಲೋ ಮೇವಿನಲ್ಲಿ ಸುಮಾರು 100 ಮಿಲಿಗ್ರಾಂ ಸತು ಸಾಕು. ಭೇದಿ ತಡೆಯಲು ಅವರು ಹಾಕಿದ್ದು 2500 ಮಿಲಿಗ್ರಾಂ, ಅಂದರೆ ಇಪ್ಪತ್ತೈದು ಪಟ್ಟು. ಭೇದಿ ನಿಂತದ್ದು ನಿಜ. ಆದರೆ ಸತು ಲೋಹ. ಅದು ಕೊಳೆಯುವುದಿಲ್ಲ, ಆರುವುದಿಲ್ಲ. ತಿಂದದ್ದರ ಬಹುಪಾಲು ಸಗಣಿಯಲ್ಲಿ ಹೊರಬಂದು ವರ್ಷವರ್ಷವೂ ಹೊಲದಲ್ಲಿ ಶೇಖರವಾಯಿತು. ಜೊತೆಗೆ, ಸತುವನ್ನು ತಡೆದುಕೊಳ್ಳುವ ಬ್ಯಾಕ್ಟೀರಿಯಾಗಳು ಹಲವು ವೇಳೆ ಆಂಟಿಬಯೋಟಿಕ್ಕುಗಳನ್ನೂ ತಡೆದುಕೊಳ್ಳುವಂಥವಾಗಿದ್ದವು. ಕಡೆಗೆ 2022ರ ಜೂನ್‌ನಿಂದ ಯುರೋಪಿನಲ್ಲಿ ಇಷ್ಟು ಪ್ರಮಾಣದ ಸತುವಿನ ಬಳಕೆಗೂ ತಡೆ ಬಿತ್ತು.

ನಮ್ಮ ದೇಶಕ್ಕೂ ಇದರಲ್ಲಿ ಪಾಠವಿದೆ. ಕೊಲಿಸ್ಟಿನ್ ಎಂಬುದು ಬೇರೆ ಔಷಧಗಳೆಲ್ಲ ಸೋತಾಗ ಆಸ್ಪತ್ರೆಯಲ್ಲಿ ಮನುಷ್ಯರ ಜೀವ ಉಳಿಸಲು ಕಡೆಯದಾಗಿ ಕೊಡುವ ಔಷಧ. ಚೀನಾದಲ್ಲಿ ಹಂದಿಗಳಿಗೆ ಇದನ್ನು ಧಾರಾಳವಾಗಿ ಕೊಡಲಾಗುತ್ತಿತ್ತು. 2015ರಲ್ಲಿ ಅಲ್ಲಿನ ವಿಜ್ಞಾನಿಗಳು ಹಂದಿ, ಮಾಂಸ ಮತ್ತು ರೋಗಿಗಳಿಂದ ದೊರೆತ ಬ್ಯಾಕ್ಟೀರಿಯಾಗಳಲ್ಲಿ ಕೊಲಿಸ್ಟಿನ್ನನ್ನು ಸೋಲಿಸುವ ಒಂದು ಜೀನನ್ನು ಪತ್ತೆಹಚ್ಚಿದರು. ಅದು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸುಲಭವಾಗಿ ಜಿಗಿಯಬಲ್ಲದು. ಭಾರತ ಸರ್ಕಾರ 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಸುವುದನ್ನೂ ಮಾರುವುದನ್ನೂ ನಿಷೇಧಿಸಿತು. ಆದರೆ ಕಾನೂನು ಎಷ್ಟೇ ಗಟ್ಟಿಯಾಗಿದ್ದರೂ ಹಳ್ಳಿಯ ದೊಡ್ಡಿಯ ಬಾಗಿಲಲ್ಲಿ ಕಾವಲು ನಿಲ್ಲಲಾರದು. ಚೀಟಿಯಿಲ್ಲದೆ ಕೊಂಡ, ಹೆಸರು ಓದದ ಪುಡಿಯನ್ನು ಮೇವಿಗೆ ಬೆರೆಸುವ ಕೈಯನ್ನು ತಡೆಯಬೇಕಾದವರು ನಾವೇ.

ಯಾವಾಗ ಬಿಡಿಸಬೇಕು?

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಿದ್ಯಾರ್ಥಿಗಳು ಹಲಗೆಯ ಮೇಲೆ ಮಾಡಿನೋಡಬಹುದು. ಹಂದಿಯ ಗರ್ಭಾವಧಿ 114 ದಿನ. ಮರಿ ಬಿಡಿಸಿದ ಮೇಲೆ ತಾಯಿ ಮತ್ತೆ ಬೆದೆಗೆ ಬರಲು ಸುಮಾರು 6 ದಿನ ಎಂದಿಟ್ಟುಕೊಳ್ಳೋಣ. 28 ದಿನಕ್ಕೆ ಮರಿ ಬಿಡಿಸಿದರೆ ಒಂದು ಸುತ್ತಿಗೆ 148 ದಿನ, ವರ್ಷಕ್ಕೆ ಸರಾಸರಿ 2.47 ಸೂಲು. 42 ದಿನಕ್ಕೆ ಬಿಡಿಸಿದರೆ 162 ದಿನ, ವರ್ಷಕ್ಕೆ 2.25 ಸೂಲು. ಸೂಲಿಗೆ 8 ಮರಿಯಂತೆ ಮೊದಲನೆಯದರಲ್ಲಿ ವರ್ಷಕ್ಕೆ ಸುಮಾರು 19.7 ಮರಿ, ಎರಡನೆಯದರಲ್ಲಿ 18. ಬೇಗ ಬಿಡಿಸುವುದರಿಂದ ಎರಡು ಮರಿಗೂ ಕಡಿಮೆ ಲಾಭ. ಬೇಗ ಬಿಡಿಸಿದ ಪ್ರತಿ ಸೂಲಿನಲ್ಲಿ ಒಂದೇ ಒಂದು ಮರಿ ಭೇದಿಯಿಂದ ಸತ್ತರೆ 19.7 ಎಂಬುದು 17.3ಕ್ಕೆ ಇಳಿಯುತ್ತದೆ. ಔಷಧದ ಖರ್ಚು, ದುಬಾರಿ ಎಳೆಮರಿ ಮೇವಿನ ಖರ್ಚು, ಬದುಕುಳಿದ ಮರಿಗಳು ಸೊರಗಿದ ನಷ್ಟ ಇವೆಲ್ಲ ಬೇರೆ.

ಬಿಸಿನೀರು, ಬೆಚ್ಚನೆಯ ಕೋಣೆ, ಹಾಲಿನ ಪುಡಿ ಬೆರೆತ ಮೇವು ಇರುವ ದೊಡ್ಡ ಕಾರಖಾನೆಗೆ 28 ದಿನದ ಲೆಕ್ಕ ಸರಿಹೊಂದೀತು. ಎರಡು ಮೂರು ತಾಯಿಹಂದಿ ಇರುವ ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ. ಹಾಗೆಂದು ಮೂರು ತಿಂಗಳು ಬಿಟ್ಟರೆ ತಾಯಿ ಸೊರಗುತ್ತದೆ. ನಾಲ್ಕನೆಯ ವಾರದ ನಂತರ ಹಾಲೂ ಇಳಿಮುಖವಾಗುತ್ತದೆ. ಆರು ವಾರ, ಮರಿ ಗಟ್ಟಿಯಾಗಿಲ್ಲದಿದ್ದರೆ ಏಳೆಂಟು ವಾರ, ಇದು ನಮಗೆ ಒಪ್ಪುವ ನಡುದಾರಿ. ದಿನ ಎಣಿಸುವುದಕ್ಕಿಂತ ಮರಿಯ ತೂಕವನ್ನೂ ಅದು ಮೇವು ತಿನ್ನಲು ಕಲಿತಿದೆಯೇ ಎಂಬುದನ್ನೂ ನೋಡಬೇಕು. ಬಿಡಿಸುವ ದಿನ ತಾಯಿಯನ್ನು ಬೇರೆಡೆಗೆ ಒಯ್ದು, ಮರಿಗಳನ್ನು ಹುಟ್ಟಿದ ಜಾಗದಲ್ಲೇ ಒಡಹುಟ್ಟಿದವರ ಜೊತೆ ಉಳಿಸುವುದು ಒಳ್ಳೆಯದು. ಹೊಸ ಜಾಗ, ಹೊಸ ಜೊತೆಗಾರರ ಕಾದಾಟ ಎರಡೂ ಆಗ ತಪ್ಪುತ್ತವೆ.

ನಮ್ಮ ನೆಲದ ಮೇವು

ಮೇವಿನ ತರಬೇತಿ ಹಾಲು ಬಿಡಿಸುವ ಬಹಳ ಮೊದಲೇ ಆರಂಭವಾಗಬೇಕು. ಮರಿಗೆ ಹತ್ತು ದಿನ ತುಂಬುತ್ತಲೇ ತಾಯಿಗೆ ಎಟುಕದ, ಮರಿ ಮಾತ್ರ ನುಸುಳಬಲ್ಲ ಒಂದು ಮೂಲೆಯಲ್ಲಿ ಹಿಡಿಯಷ್ಟು ನುಣ್ಣನೆಯ ಮೇವನ್ನು ದಿನವೂ ಹೊಸದಾಗಿ ಇಡಬೇಕು. ಉಳಿದದ್ದನ್ನು ಸಂಜೆ ತೆಗೆದು ತಾಯಿಗೆ ಹಾಕಬೇಕು. ಮೊದಲ ವಾರ ಅದು ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು, ಬೇಸರಿಸಬಾರದು.

ಬಿಡಿಸಿದ ಮೇಲೆ ಪ್ರೋಟೀನನ್ನು ಹೆಚ್ಚಿಸಿದರೆ ಮರಿ ಬೇಗ ಬೆಳೆಯುತ್ತದೆಂಬ ನಂಬಿಕೆಯಿದೆ. ಆ ಎರಡು ವಾರಗಳ ಮಟ್ಟಿಗೆ ಇದು ಅಪಾಯಕರ. ಜೀರ್ಣವಾಗದೆ ಉಳಿದ ಪ್ರೋಟೀನೇ ರೋಗಾಣುವಿನ ಆಹಾರವೆಂದು ಆಗಲೇ ಹೇಳಿದೆ. ಶೇಕಡಾ 18ರ ಆಸುಪಾಸಿನ, ಆದರೆ ಸುಲಭವಾಗಿ ಜೀರ್ಣವಾಗುವ ಪ್ರೋಟೀನು ಒಳ್ಳೆಯದು. ಮಜ್ಜಿಗೆ, ಬೇಯಿಸಿದ ಮೊಟ್ಟೆ, ಒಳ್ಳೆಯ ಮೀನಿನ ಪುಡಿ ಇವು ಅಂಥವು. ಸೋಯಾ ಅವರೆಯನ್ನೂ ಹುರುಳಿಯನ್ನೂ ಹಸಿಯಾಗಿ ಕೊಡಲೇಬಾರದು. ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶಗಳು ಅವುಗಳಲ್ಲಿವೆ; ಚೆನ್ನಾಗಿ ಬೇಯಿಸಿದರೆ ಅವು ಬಹುಮಟ್ಟಿಗೆ ನಾಶವಾಗುತ್ತವೆ. ಹಾಸನ ಸೀಮೆಯ ಆಲೂಗೆಡ್ಡೆಗೂ ಇದೇ ನಿಯಮ: ಹಸಿಗೆಡ್ಡೆಯ ಪಿಷ್ಟ ಮರಿಗೆ ಅರಗುವುದಿಲ್ಲ, ಬೇಯಿಸಿಯೇ ಕೊಡಬೇಕು. ಹಸಿರುಗಟ್ಟಿದ, ಮೊಳಕೆಯೊಡೆದ ಗೆಡ್ಡೆ ವಿಷ, ಬೇಯಿಸಿದರೂ ಬೇಡ. ಬೇಲೂರಿನ ಮಲೆನಾಡು ಭಾಗದ ಕೆಸುವಿನ ಸೊಪ್ಪು, ಗೆಡ್ಡೆಗಳನ್ನೂ ತುರಿಕೆ ಹೋಗುವಂತೆ ಬೇಯಿಸಬೇಕು.

ಕೊಬ್ಬರಿ ಹಿಂಡಿ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಅದರಲ್ಲಿ ಪ್ರೋಟೀನು ಶೇಕಡಾ 20ರಷ್ಟಿದ್ದರೂ ನಾರು ಹೆಚ್ಚು, ಹಂದಿಗೆ ಅತ್ಯಗತ್ಯವಾದ ಲೈಸಿನ್ ಎಂಬ ಅಂಶ ಕಡಿಮೆ. ಆದ್ದರಿಂದ ಎಳೆಯ ಮರಿಗೆ ಅದು ಮುಖ್ಯ ಮೇವಾಗಬಾರದು, ಸ್ವಲ್ಪ ಬೆರಕೆಯಾಗಬಹುದು. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಭಾಗ ಲಾರಿಕ್ ಆಮ್ಲ. ಈ ಬಗೆಯ ಕೊಬ್ಬು ಮರಿಗೆ ಬೇಗ ಅರಗುತ್ತದೆ ಮತ್ತು ಕೆಲವು ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುತ್ತದೆ. ಗಾಣದ ಹಿಂಡಿಯಲ್ಲಿ ಉಳಿದ ಎಣ್ಣೆಗೆ ಈ ಗುಣವಿದೆ. ಆದರೆ ಬೂಷ್ಟು ಹಿಡಿದ ಹಿಂಡಿ, ಬೂಷ್ಟು ಹಿಡಿದ ಮುಸುಕಿನ ಜೋಳ ಎರಡರಲ್ಲೂ ಅಫ್ಲಾಟಾಕ್ಸಿನ್ ಎಂಬ ವಿಷ ಇರುವ ಸಂಭವವಿದೆ. ಅದು ಯಕೃತ್ತನ್ನು ಕೆಡಿಸುತ್ತದೆ, ಬೇಯಿಸಿದರೂ ಹೋಗುವುದಿಲ್ಲ. "ಮನುಷ್ಯರಿಗೆ ಬೇಡವಾದದ್ದು ಹಂದಿಗಾಯಿತು" ಎಂಬ ಮಾತನ್ನು ನಾವು ಬಿಡಬೇಕು.

ಇನ್ನು ಹುಳಿಯ ಮಾತು. ಯುರೋಪಿನವರು ಇಂದು ಮರಿಯ ಮೇವಿಗೆ ಫಾರ್ಮಿಕ್, ಲ್ಯಾಕ್ಟಿಕ್, ಸಿಟ್ರಿಕ್ ಆಮ್ಲಗಳನ್ನು ಬೆರೆಸುತ್ತಾರೆ. ಡೆನ್ಮಾರ್ಕ್ ಮುಂತಾದೆಡೆ ನೀರಿನಲ್ಲಿ ಹುಳಿಸಿದ ದ್ರವ ಮೇವೂ ಬಳಕೆಯಲ್ಲಿದೆ. ರಾಗಿ ಅಂಬಲಿಯನ್ನು ಹುಳಿಸಿ ಕುಡಿದು ಬೆಳೆದ ನಮಗೆ ಇದು ಹೊಸ ವಿದ್ಯೆಯಲ್ಲ. ರಾಗಿ ಅಥವಾ ಮುಸುಕಿನ ಜೋಳದ ಹಿಟ್ಟಿನ ಒಂದು ಪಾಲಿಗೆ ಎರಡೂವರೆ ಪಾಲು ಶುದ್ಧ ನೀರು ಬೆರೆಸಿ, ಒಂದು ಲೋಟ ಹುಳಿಮಜ್ಜಿಗೆ ಹಾಕಿ, ಮಣ್ಣಿನ ಇಲ್ಲವೇ ಪ್ಲಾಸ್ಟಿಕ್ ಪಾತ್ರೆಯಲ್ಲಿ ಮುಚ್ಚಿಡಬೇಕು. ಹುಳಿ ತಗಲುವುದರಿಂದ ಲೋಹದ ಪಾತ್ರೆ ಬೇಡ. ನಮ್ಮ ಹವೆಯಲ್ಲಿ ಒಂದರಿಂದ ಎರಡು ದಿನದಲ್ಲಿ ಅಂಬಲಿಯ ಹಿತವಾದ ಹುಳಿವಾಸನೆ ಬರುತ್ತದೆ. ಅದರ ಕಾಲುಭಾಗವನ್ನು ಮುಂದಿನ ಹೆಪ್ಪಿಗೆ ಉಳಿಸಿಕೊಂಡು ಮಿಕ್ಕದ್ದನ್ನು ಬಳಸಬಹುದು. ಕಾಳಿನ ಹಿಟ್ಟನ್ನು ಮಾತ್ರ ಹುಳಿಸಬೇಕು. ಪ್ರೋಟೀನಿನ ಪದಾರ್ಥಗಳನ್ನೂ ಖನಿಜ ಮಿಶ್ರಣವನ್ನೂ ತಿನ್ನಿಸುವ ಹೊತ್ತಿನಲ್ಲಿ ಬೆರೆಸಬೇಕು, ಇಲ್ಲದಿದ್ದರೆ ಲೈಸಿನ್‌ನಂಥ ಅಂಶಗಳು ಹುಳಿಯುವಾಗ ಹಾಳಾಗುತ್ತವೆ. ಕೊಳೆತ ನಾತ ಬಂದರೆ, ಮೇಲೆ ಬೂಷ್ಟು ಕಟ್ಟಿದರೆ ತಿಪ್ಪೆಗೆ ಸುರಿಯಬೇಕು. ಹುಳಿಸುವುದರಿಂದ ಕಾಳಿನಲ್ಲಿ ಬಂಧಿತವಾದ ರಂಜಕವೂ ಮರಿಗೆ ದೊರೆಯುವಂತಾಗುತ್ತದೆ.

ಸ್ವಲ್ಪ ನಾರೂ ಬೇಕು. ಗೋಧಿಬೂಸ, ರಾಗಿಯ ತೌಡು, ಬೇಯಿಸಿದ ಸೊಪ್ಪು ಇವುಗಳಲ್ಲಿನ ನಾರು ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ, ಅವು ಉತ್ಪಾದಿಸುವ ಆಮ್ಲಗಳು ಕರುಳಿನ ಗೋಡೆಯ ಜೀವಕೋಶಗಳನ್ನು ಪೋಷಿಸುತ್ತವೆ. ಸುಣ್ಣಕಲ್ಲಿನ ಪುಡಿಯನ್ನು ಮಾತ್ರ ಆ ವಾರಗಳಲ್ಲಿ ಮಿತವಾಗಿ ಬಳಸಬೇಕು. ಸುಣ್ಣ ಜಠರದ ಹುಳಿಯನ್ನು ಕೊಲ್ಲುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಉಣಿಸುವ ಕ್ರಮ. ತಾಯಿ ಗಂಟೆಗೊಮ್ಮೆ ಉಣಿಸುತ್ತಿದ್ದಳೆಂಬುದನ್ನು ನೆನೆದು, ಮೊದಲ ವಾರ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವೇ, ಬೆಚ್ಚಗೆ, ತೆಳ್ಳಗೆ ಕಲಸಿ ಕೊಡಬೇಕು. ಎಲ್ಲ ಮರಿಗಳೂ ಒಟ್ಟಿಗೆ ನಿಲ್ಲುವಷ್ಟು ಉದ್ದದ ಬಾನಿಯಿರಬೇಕು. ನಾವು ಕುಡಿಯುವಂಥ ನೀರನ್ನೇ ಸದಾ ಇಟ್ಟಿರಬೇಕು. ಹೊಸದಾಗಿ ಬಿಡಿಸಿದ ಮರಿಗೆ 26ರಿಂದ 28 ಡಿಗ್ರಿಯ ಬೆಚ್ಚಗಿನ ಜಾಗ ಹಿತ. ಮಾಗಿಯ ಚಳಿಯಲ್ಲಿ ಬೆಟ್ಟದ ಗಾಳಿ ನೇರವಾಗಿ ಬೀಸುವ ದೊಡ್ಡಿಯಲ್ಲಿ ಒಣಹುಲ್ಲಿನ ಹಾಸು ಇಲ್ಲದಿದ್ದರೆ ಎಂಥ ಮೇವೂ ಫಲ ಕೊಡದು.

ಮುಸುರೆ ಮತ್ತು ಮದುವೆ ಮನೆಯ ಊಟ

ಕಲಗಚ್ಚು, ಮುಸುರೆ, ಹೋಟೆಲಿನ ಮತ್ತು ಕಲ್ಯಾಣಮಂಟಪದ ಉಳಿಕೆ ಇವು ಹಂದಿಯ ಸಾಂಪ್ರದಾಯಿಕ ಮೇವು. ಇಲ್ಲದಿದ್ದರೆ ಇವು ರಸ್ತೆಬದಿಯಲ್ಲಿ ಕೊಳೆಯುತ್ತಿದ್ದವು; ಆ ದೃಷ್ಟಿಯಿಂದ ಹಂದಿ ಸಾಕುವವರು ಊರಿಗೆ ಉಪಕಾರವನ್ನೇ ಮಾಡಿದ್ದಾರೆ. ಆದರೆ ಬಿಡಿಸಿದ ಎಳೆಯ ಮರಿಗೆ ಇದು ತಕ್ಕದ್ದಲ್ಲ. ಎಣ್ಣೆ, ಖಾರ, ಉಪ್ಪು ಅದರ ಕರುಳಿಗೆ ಭಾರ. ಉಪ್ಪಿನಂಶ ಹೆಚ್ಚಿ ಕುಡಿಯುವ ನೀರು ಕಡಿಮೆಯಾದರೆ ಹಂದಿಗಳು ತಲೆ ತಿರುಗಿ, ಸೆಟೆದು ಸಾಯುವುದುಂಟು.

ಎರಡನೆಯ ಅಪಾಯ ಇನ್ನೂ ದೊಡ್ಡದು. ಆಫ್ರಿಕನ್ ಹಂದಿಜ್ವರ 2020ರಲ್ಲಿ ಅಸ್ಸಾಮಿನಲ್ಲಿ ಕಾಣಿಸಿಕೊಂಡು, 2022ರ ಜುಲೈಯಲ್ಲಿ ನಮ್ಮ ಗಡಿಗೆ ಹೊಂದಿದ ವಯನಾಡನ್ನು ಮುಟ್ಟಿತು. 2023ರ ಆರಂಭದಲ್ಲಿ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯ ಕಾಡಿನಲ್ಲಿ ಸತ್ತ ಕಾಡುಹಂದಿಗಳಲ್ಲೂ ಅದು ದೃಢಪಟ್ಟಿತು. ಮನುಷ್ಯರಿಗೆ ಅದು ತಗಲುವುದಿಲ್ಲ. ಹಂದಿಗೆ ತಗಲಿದರೆ ಮದ್ದಿಲ್ಲ. ಹಂದಿಮಾಂಸದ ಚೂರಿರುವ ಊಟದ ಉಳಿಕೆಯಲ್ಲಿ ಈ ವೈರಾಣು ಬಹುದಿನ ಬದುಕುತ್ತದೆ. ಉಳಿಕೆಯನ್ನು ಕಲಕುತ್ತಾ ಕನಿಷ್ಠ ಅರ್ಧ ಗಂಟೆ ಕುದಿಸದೆ ದೊಡ್ಡ ಹಂದಿಗೂ ಹಾಕಬಾರದು. ಹಂದಿಮಾಂಸ ಸೇರಿದ್ದರೆ ಹಾಕಲೇಬಾರದು. ಸತ್ತ ಹಂದಿಯನ್ನು ಹಳ್ಳಕ್ಕೋ ಗುಡ್ಡಕ್ಕೋ ಎಸೆದರೆ ಕಾಡುಹಂದಿಗೂ ರೋಗ ಹಬ್ಬೀತು. ಕಾಡುಹಂದಿಯಿಂದ ಬೆಳೆನಷ್ಟ ಅನುಭವಿಸಿದ ರೈತನಿಗೆ ಅದು ಸತ್ತರೆ ಒಳಿತೆನಿಸಬಹುದು. ಆದರೆ ಅದು ಚಿರತೆಯ ಆಹಾರ; ಕಾಡಿನಲ್ಲಿ ಆಹಾರ ಮುಗಿದ ಚಿರತೆ ಊರಿನ ಕುರಿ, ನಾಯಿಗಳತ್ತ ಬರುತ್ತದೆ.

ಭೇದಿ ಬಂದರೆ

ಎಲ್ಲ ಎಚ್ಚರಿಕೆಯ ನಡುವೆಯೂ ಭೇದಿ ಬರಬಹುದು. ಆಗ ಮೊದಲ ಕೆಲಸ ನೀರು. ಮನುಷ್ಯರಿಗೆ ಕೊಡುವ ಓಆರ್‌ಎಸ್‌ನಂಥದೇ ದ್ರಾವಣವನ್ನು ಮತ್ತೆ ಮತ್ತೆ ಕುಡಿಸಬೇಕು. ಒಂದು ದಿನ ಮೇವನ್ನು ಅರ್ಧಕ್ಕೆ ಇಳಿಸಿ, ಹುಳಿಯಂಬಲಿಯನ್ನು ತೆಳ್ಳಗೆ ಕೊಡಬಹುದು. ರೋಗದ ಮರಿಯನ್ನು ಬೇರೆ ಇಟ್ಟು, ನೆಲ ತೊಳೆದು ಒಣಗಿಸಬೇಕು. ಜ್ವರ, ರಕ್ತಭೇದಿ, ಕಣ್ಣಿನ ರೆಪ್ಪೆಯ ಊತ, ತೂರಾಟ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.

ನಾನು ಔಷಧದ ವಿರೋಧಿಯಲ್ಲ. ಬ್ಯಾಕ್ಟೀರಿಯಾ ರೋಗದಿಂದ ಸಾಯುತ್ತಿರುವ ಮರಿಗೆ ವೈದ್ಯರು ಬರೆದ ಆಂಟಿಬಯೋಟಿಕ್ಕನ್ನು, ಹೇಳಿದಷ್ಟು ದಿನ, ಹೇಳಿದಷ್ಟು ಪ್ರಮಾಣದಲ್ಲಿ ಕೊಡಲೇಬೇಕು. ರೋಗವಿಲ್ಲದ ಹತ್ತು ಮರಿಗಳಿಗೆ ಮುಂಜಾಗ್ರತೆಯೆಂದು ತಿಂಗಳುಗಟ್ಟಲೆ ಉಣಿಸುವುದು ಮಾತ್ರ ಬೇಡ. ಹಾಗೆ ಮಾಡಿದರೆ ನಾಳೆ ನಮ್ಮ ಮಗುವಿಗೆ ಜ್ವರ ಬಂದಾಗ ಅದೇ ಔಷಧ ಕೆಲಸ ಮಾಡದೆ ಹೋದೀತು. ನಮ್ಮ ಜಿಲ್ಲಾಕೇಂದ್ರವಾದ ಹಾಸನದಲ್ಲಿಯೇ ಪಶುವೈದ್ಯಕೀಯ ಕಾಲೇಜು ಇದೆ. ಹೆಸರಘಟ್ಟದಲ್ಲಿ ಹಂದಿ ತಳಿ ಸಂವರ್ಧನಾ ಕೇಂದ್ರವಿದೆ. ಮೇವಿನ ಪ್ರಮಾಣ, ಖನಿಜ ಮಿಶ್ರಣದ ಲೆಕ್ಕವನ್ನು ಅಂಥಲ್ಲಿ ಕೇಳಿ ತಿಳಿಯಿರಿ, ಅಂಗಡಿಯ ಗಲ್ಲಾದ ಮುಂದೆ ಅಲ್ಲ.

ತಿಪ್ಪೆಯಿಂದ ಕೆರೆಯವರೆಗೆ

ಕಡೆಯದಾಗಿ ಸಗಣಿಯ ವಿಚಾರ. ದೊಡ್ಡಿಯನ್ನು ಕೆರೆಯ ಏರಿಯ ಮೇಲ್ಭಾಗದಲ್ಲಿ, ಹಳ್ಳದ ಅಂಚಿನಲ್ಲಿ, ಕುಡಿಯುವ ನೀರಿನ ಬಾವಿಯ ಬಳಿ ಕಟ್ಟಬಾರದು. ತೊಳೆದ ನೀರು ಇಂಗುಗುಂಡಿಗೋ ಗೋಬರ್ ಅನಿಲದ ಗುಂಡಿಗೋ ಹೋಗಬೇಕು. ಸಗಣಿಯನ್ನು ಹುಲ್ಲು, ತೆಂಗಿನ ಗರಿ, ಎಲೆಕಸದೊಡನೆ ಪದರಪದರವಾಗಿ ಹಾಕಿ ಬಿಸಿಯೇರುವಂತೆ ಕೊಳೆಸಿದರೆ ಬಹಳಷ್ಟು ರೋಗಾಣುಗಳೂ ಜಂತುಗಳ ಮೊಟ್ಟೆಗಳೂ ಸಾಯುತ್ತವೆ. ಸತುವನ್ನು ಮಾತ್ರ ಯಾವ ಕಾಂಪೋಸ್ಟೂ ಕರಗಿಸಲಾರದು. ಅದನ್ನು ಮೇವಿನ ಬಾನಿಯಲ್ಲೇ ತಡೆಯಬೇಕು.

ಹಂದಿಯನ್ನು ಬೀದಿಗೆ ಬಿಡುವುದರ ಅಪಾಯವನ್ನೂ ಹೇಳಬೇಕು. ಬಯಲಿನ ಮಲವನ್ನು ತಿಂದ ಹಂದಿಯ ಮಾಂಸದಲ್ಲಿ ಲಾಡಿಹುಳದ ಕೋಶಗಳು ಬೆಳೆಯುತ್ತವೆ. ಮನುಷ್ಯನ ಮಲದಲ್ಲಿರುವ ಅದರ ಮೊಟ್ಟೆ ಸೊಪ್ಪು, ನೀರು, ಕೈಯ ಮೂಲಕ ನಮ್ಮ ಹೊಟ್ಟೆ ಸೇರಿದರೆ ಮೆದುಳಿನಲ್ಲಿ ಕೋಶ ಕಟ್ಟಿ ಮೂರ್ಛೆರೋಗ ಬರಬಹುದು. ತಪ್ಪು ಹಂದಿಯದಲ್ಲ, ಶೌಚಾಲಯವಿಲ್ಲದ, ಇದ್ದರೂ ಬಳಸದ ಊರಿನದು.

ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನಲ್ಲಿ ಹಂದಿ ಸಾಕುವವರ ಮನೆಗೆ ಗೌರವದಿಂದ ಹೋಗಿ, ಒಂದು ಪುಸ್ತಕದಲ್ಲಿ ಇಷ್ಟನ್ನು ಬರೆದಿಡಿ: ಮರಿ ಹುಟ್ಟಿದ ದಿನ, ಬಿಡಿಸಿದ ದಿನ, ಆ ದಿನದ ತೂಕ, ಕೊಟ್ಟ ಮೇವು, ಭೇದಿ ಕಂಡ ದಿನ, ಕೊಟ್ಟ ಔಷಧದ ಹೆಸರು, ಸತ್ತ ಮರಿಗಳ ಸಂಖ್ಯೆ. ನಾಲ್ಕಾರು ಮನೆಗಳ ಒಂದು ವರ್ಷದ ಲೆಕ್ಕ ಕೈಗೆ ಬಂದರೆ, ಆರು ವಾರಕ್ಕೆ ಬಿಡಿಸಿ ಹುಳಿಯಂಬಲಿ ಉಣಿಸಿದ ಮನೆಯಲ್ಲಿ ಏನಾಯಿತು, ಬೇಗ ಬಿಡಿಸಿ ಪುಡಿ ಬೆರೆಸಿದ ಮನೆಯಲ್ಲಿ ಏನಾಯಿತು ಎಂಬುದು ಊರಿಗೇ ಕಾಣುತ್ತದೆ. ಆ ಪುಸ್ತಕವನ್ನು ಗ್ರಾಮಸಭೆಯ ಮುಂದಿಡಿ. ನಾನು ಹೇಳಿದ್ದರಲ್ಲಿ ಯಾವುದು ಈ ಬೆಟ್ಟದ ಬುಡಕ್ಕೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬುದನ್ನು ನೀವೇ ತೂಗಿನೋಡಿ, ಹೊಂದಿದ್ದನ್ನು ಉಳಿಸಿಕೊಳ್ಳಿ.